ಆಕಾಶವಾಣಿಯ ಗೋಪಾಲಸ್ವಾಮಿಯವರು

ಆಕಾಶವಾಣಿ ಎಂಬ ಹೆಸರನ್ನು ಕೇಳದವರು ಮಂಡ್ಯ, ಮದ್ದೂರು, ಮಳವಳ್ಳಿಗಳ ಯಾವ ಗ್ರಾಮದಲ್ಲಿಯೂ ಇರಲಾರರು. ಆ ಹೆಸರಿನಿಂದ ಒಂದು ರೇಡಿಯೋ ನಿಲಯವನ್ನು ಮೊದಲು ನಡೆಯಿಸಿದವರು ನೆರೆಯ ಮೈಸೂರಿನ ಅಧ್ಯಾಪಕರೊಬ್ಬರೆಂಬುದನ್ನು ಬಲ್ಲವರಾದರೋ ವಿರಳ. ದಿವಂಗತ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದಿಡುವುದಕ್ಕೆ ಈ ಮರೆವೇ ಕಾರಣ.

ಲಂಡನ್ನಿನಲ್ಲಿ ಸ್ಪಿಯರ್ಮನ್ ಪಂಡಿತರ ಬಳಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿ ಸ್ವದೇಶಕ್ಕೆ ಹಿಂದಿರುಗಿದ ಅವರು, 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಆ ಶಾಸ್ತ್ರದ ವಿಭಾಗವನ್ನು ಸ್ಥಾಪಿಸಿದರು. ವಿದೇಶದಲ್ಲಿ ಪಡೆದ ವಿದ್ಯೆ ಉಪನ್ಯಾಸದ ಕೊಠಡಿಯಲ್ಲಿಯೇ ಉಳಿದಿದ್ದರೂ ಅವರನ್ನು ಯಾರೂ ದೂಷಿಸುತ್ತಿರಲಿಲ್ಲ. ಸಂಬಳವೂ ಗೌರವವೂ ಎಂದಿನಂತೆ ಬರುತ್ತಿದ್ದವು.

ಆ ಕಾಲದಲ್ಲಿ ರೇಡಿಯೋ ಸುಲಭದ ಕಾರ್ಯವಾಗಿರಲಿಲ್ಲ. 1927ರಲ್ಲಿ ಮುಂಬಯಿ, ಕಲ್ಕತ್ತೆಗಳಲ್ಲಿ ಪ್ರಸಾರವನ್ನಾರಂಭಿಸಿದ ಕಂಪೆನಿಯು ಮೂರೇ ವರ್ಷಗಳಲ್ಲಿ ಮುಚ್ಚಿಹೋಯಿತು. ಬಂಡವಾಳಗಾರರು ಸೋತ ಈ ಕೆಲಸಕ್ಕೆ ಗೋಪಾಲಸ್ವಾಮಿಯವರು ಕೈಯಿಕ್ಕಿದರು. 1935ನೆಯ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಾದ ವಿಠಲ ವಿಹಾರದಿಂದ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಬಲ ಕೇವಲ 30 ವ್ಯಾಟ್, ಒಂದು ಸಣ್ಣ ದೀಪಕ್ಕೆ ಬೇಕಾಗುವಷ್ಟು. ಕುವೆಂಪುರವರು ಕವನವಾಚನ ಮಾಡಿದರು, ನಾ. ಕಸ್ತೂರಿಯವರು ನಿಲಯದ ಕೆಲಸಕ್ಕೆ ಹೆಗಲುಕೊಟ್ಟರು. ಮುಂದೆ 250 ವ್ಯಾಟಿನ ಯಂತ್ರ ಬಂದಿತು. ವೆಚ್ಚದ ಹೊರೆಯನ್ನು ಅವರು ಬಹುಮಟ್ಟಿಗೆ ತಾವೇ ಹೊತ್ತರು. ವರ್ಷಗಳ ತರುವಾಯ ಸಂಸ್ಥಾನದ ಸರ್ಕಾರವು ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರದ ಪ್ರಸಾರವ್ಯವಸ್ಥೆಯಲ್ಲಿ ಸೇರಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರೇ ಹುಟ್ಟಿದ್ದು 1936ರಲ್ಲಿ. ಅದಕ್ಕೂ ಮುನ್ನ ಮೈಸೂರಿನಲ್ಲಿ ಮೊಳಗಿದ ಹೆಸರನ್ನು ರಾಷ್ಟ್ರವು ಆಮೇಲೆ ತನ್ನದಾಗಿ ಮಾಡಿಕೊಂಡಿತು.

ಮೈಸೂರು ನಗರಕ್ಕೆ 1908ರಲ್ಲಿ ವಿದ್ಯುದ್ದೀಪವನ್ನು ಕೊಟ್ಟದ್ದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ನಮ್ಮ ಸೀಮೆಯ ನೀರು ಆ ನಗರಕ್ಕೆ ಬೆಳಕಾಯಿತು. ಆ ನಗರದ ಒಬ್ಬ ವಿದ್ವಾಂಸರು ವಿದ್ಯೆಯನ್ನು ಅಕ್ಷರವರಿಯದವರ ಕಿವಿಗೂ ಮುಟ್ಟಿಸುವ ದಾರಿಯನ್ನು ತೆರೆದರು. ರೈತನ ಕಂದಾಯದಿಂದ ನಡೆಯುವ ವಿದ್ಯಾಲಯದ ಪಂಡಿತನು ರೈತನಿಗೆ ಸಲ್ಲಿಸಬೇಕಾದ ಋಣವೊಂದುಂಟು. ಗೋಪಾಲಸ್ವಾಮಿಯವರು ಅದನ್ನು ಯಾರೂ ಕೇಳುವ ಮೊದಲೇ ತೀರಿಸಹೊರಟರು. ಇಂದಿನ ನಮ್ಮ ಅಧ್ಯಾಪಕರೂ ಅಧಿಕಾರಿಗಳೂ ತಮ್ಮ ಪಾಲಿನ ಋಣವೆಷ್ಟೆಂಬುದನ್ನು ಒಮ್ಮೆ ಲೆಕ್ಕಹಾಕಿಕೊಳ್ಳಲೆಂದು ನಾವು ಪ್ರಾರ್ಥಿಸುತ್ತೇವೆ.