ಜಾನ್ ವೆಸ್ಲಿ ಅಯ್ಯನವರ ಚರಿತ್ರೆಯೂ ನಮ್ಮ ಚಿಕ್ಕ ಕೂಟಗಳೂ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಹೊಲದ ಕೆಲಸ ತೀರಿಸಿ ಬಂದ ವಿಶ್ವಾಸಿಗಳು ಸಾಯಂಕಾಲ ಒಬ್ಬರ ಮನೆಯಲ್ಲಿ ಕೂಡುವದುಂಟು. ಕೀರ್ತನೆ ಹಾಡಿ, ಸತ್ಯವೇದವನ್ನೋದಿ, ಉಪದೇಶಿಗಳಾದ ನಾವು ಒಂದು ತಾಸು ಮಾತಾಡಿ, ಪ್ರಾರ್ಥನೆಯಿಂದ ಮುಗಿಸುತ್ತೇವೆ. ಆದರೆ ಕೇಳಿದ ವಾಕ್ಯವು ಹೊಲದಲ್ಲಿಯೂ ಸಂತೆಯಲ್ಲಿಯೂ ಏನು ಫಲ ಕೊಟ್ಟಿತೆಂದು ಒಬ್ಬರನ್ನೊಬ್ಬರು ವಿಚಾರಿಸುವದು ಅಪರೂಪ. ಈ ಕೊರತೆಗೆ ಮದ್ದು ಜಾನ್ ವೆಸ್ಲಿ ಅಯ್ಯನವರ ಚರಿತ್ರೆಯಲ್ಲಿ ದೊರೆಯುವದು.

ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್ವರ್ತ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಮನೆ ತುಂಬ ಮಕ್ಕಳಿದ್ದರೂ ತಾಯಿಯಾದ ಸುಸನ್ನಮ್ಮನವರು ವಾರದಲ್ಲಿ ಒಂದು ಗೊತ್ತಾದ ಸಾಯಂಕಾಲ ಪ್ರತಿಯೊಂದು ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಅದರ ಆತ್ಮದ ಸ್ಥಿತಿಯನ್ನು ವಿಚಾರಿಸುತ್ತಿದ್ದರು. ಜಾನನಿಗೆ ಗುರುವಾರ ಬಂದಿತ್ತು. ದೊಡ್ಡವರಾದ ಮೇಲೂ ಅವರು ಆ ಗುರುವಾರಗಳನ್ನು ಮರೆಯಲಿಲ್ಲ.

ಅವರು ಆಕ್ಸ್‌ಫರ್ಡಿನಲ್ಲಿ ಓದಿ ಬೋಧಕರಾಗಿ, 1735ರಲ್ಲಿ ಅಮೇರಿಕೆಯ ಜಾರ್ಜಿಯಾ ಸೀಮೆಗೆ ಸುವಾರ್ತಾಸೇವೆಗೆ ಹೊರಟರು. ಅಲ್ಲಿ 1736ರಲ್ಲಿ ಸ್ಪಾಂಗೆನ್‌ಬೆರ್ಗ್ ಎಂಬ ಮೊರೇವಿಯನ್ ಬೋಧಕರು ಅವರಿಗೆ ಯೇಸುವನ್ನು ಬಲ್ಲಿರೋ ಎಂದು ಕೇಳಿದರು. ಆತನು ಲೋಕರಕ್ಷಕನೆಂದು ವೆಸ್ಲಿಯವರು ಹೇಳಲು, ನಿಮ್ಮನ್ನೇ ರಕ್ಷಿಸಿದನೆಂಬದನ್ನು ಬಲ್ಲಿರೋ ಎಂದು ಅವರು ಮತ್ತೆ ಕೇಳಿದರು. ವೆಸ್ಲಿಯವರು ತಡವರಿಸಿದರು. ಕೇಳಿದವರು ವಾದಿಸಲಿಲ್ಲ; ಪ್ರಶ್ನೆಯು ಮಾತ್ರ ಅಂಬಿನಂತೆ ನೆಟ್ಟುಕೊಂಡಿತು. ಇಷ್ಟಾದರೂ ಅವರು ಜನರನ್ನು ಕಟ್ಟುನಿಟ್ಟಿನಿಂದಲೇ ನಡಿಸಿದರು. ಒಬ್ಬ ಸ್ತ್ರೀಗೆ ಕರ್ತನ ಭೋಜನವನ್ನು ನಿರಾಕರಿಸಿದ್ದರಿಂದ ವ್ಯಾಜ್ಯವೆದ್ದು, 1737ರ ಡಿಸೆಂಬರಿನಲ್ಲಿ ಮನನೊಂದು ಆ ಸೀಮೆಯನ್ನು ಬಿಟ್ಟರು.

1738ನೆಯ ಮೇ 24ರಂದು ಲಂಡನ್ನಿನ ಒಂದು ಚಿಕ್ಕ ಕೂಟದಲ್ಲಿ ರೋಮಾಪುರದವರ ಪತ್ರಿಕೆಗೆ ಲೂಥರನು ಬರೆದ ಪೀಠಿಕೆಯನ್ನು ಕೇಳುವಾಗ, ಕ್ರಿಸ್ತನು ತಮ್ಮ ಪಾಪಗಳನ್ನೇ ತೆಗೆದನೆಂಬ ಭರವಸೆಯು ಅವರಲ್ಲಿ ಹುಟ್ಟಿತು. ಉತ್ತರ ದೊರೆತ ಮೇಲೆಯೇ ಅವರು ಇತರರಿಗೆ ಪ್ರಶ್ನೆಗಳನ್ನು ಸಿದ್ಧಮಾಡಿದರು. ಅದೇ ವರುಷದ ಕೊನೆಯಲ್ಲಿ ಬರೆದ ನಿಯಮಗಳ ಪ್ರಕಾರ, ಚಿಕ್ಕ ಗುಂಪಿನಲ್ಲಿ ಒಬ್ಬನು ಮೊದಲು ತನ್ನ ಸ್ಥಿತಿಯನ್ನು ಹೇಳಿ ತರುವಾಯ ಇತರರನ್ನು ಕೇಳುವನು: ತಿಳಿದು ಮಾಡಿದ ಪಾಪವಾವದು, ಎದುರಾದ ಶೋಧನೆ ಯಾವದು, ಬಿಡುಗಡೆ ಹೇಗಾಯಿತು ಎಂಬವೇ ಆ ಪ್ರಶ್ನೆಗಳು.

1742ರಲ್ಲಿ ಬ್ರಿಸ್ಟಲ್ ಪಟ್ಟಣದ ಪ್ರಾರ್ಥನಾಮಂದಿರದ ಸಾಲವನ್ನು ತೀರಿಸಲು ಪ್ರತಿಯೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಬೇಕೆಂಬ ಆಲೋಚನೆ ಹುಟ್ಟಿತು. ಬಡವರಿಂದಾಗದೆಂದಾಗ ಒಬ್ಬ ನಾವಿಕನು ಅತಿ ಬಡವರಾದ ಹನ್ನೊಂದು ಮಂದಿಯನ್ನು ವಹಿಸಿಕೊಂಡು, ಅವರಿಂದಾಗದ್ದನ್ನು ತಾನೇ ತೆರುವೆನೆಂದನು. ಹೀಗೆ ಕಾಸಿಗಾಗಿ ಮನೆಮನೆಗೆ ಹೋದವರು ಮನೆಗಳ ಕಣ್ಣೀರನ್ನೂ ಜಗಳವನ್ನೂ ಕಂಡರು. ಅಂದಿನಿಂದ ಸುಮಾರು ಹನ್ನೆರಡು ಮಂದಿಯ ಕೂಟಕ್ಕೆ ಕ್ಲಾಸು ಎಂದು ಹೆಸರಾಯಿತು, ಸ್ತ್ರೀಯರೂ ನಾಯಕರಾದರು. 1791ರಲ್ಲಿ ವೆಸ್ಲಿಯವರು ತೀರಿಕೊಂಡಾಗ ಬ್ರಿಟನ್ನಿನಲ್ಲಿಯೇ ಹತ್ತಾರು ಸಾವಿರ ಜನರು ಅವರ ಸಂಘಗಳಲ್ಲಿದ್ದರು.

ವೆಸ್ಲಿಯವರ ಮಾರ್ಗವನ್ನನುಸರಿಸಿದ ವಿಲಿಯಂ ಟೇಲರ್ ಎಂಬ ಅಮೇರಿಕದ ಬೋಧಕರು 1871ರಲ್ಲಿ ಮುಂಬಯಿಗೂ 1874ರಲ್ಲಿ ಬೆಂಗಳೂರಿಗೂ ಬಂದು, ವಿಶ್ವಾಸಿಗಳನ್ನು ಮನೆಗಳಲ್ಲಿ ಕೂಡುವ ಚಿಕ್ಕ ಗುಂಪುಗಳಾಗಿ ಏರ್ಪಡಿಸಿದರು. ಕಲಬುರ್ಗಿ ಸೀಮೆಯ ಮೆಥೊಡಿಸ್ಟ್ ಸಭೆಗಳೂ ಇದೇ ಬೇರಿನ ಚಿಗುರುಗಳು.

ಪ್ರಿಯ ವಾಚಕರೇ, ಕೂಟವನ್ನು ನಡಿಸುವ ನಾವು ಮಾತನ್ನು ಅರ್ಧ ತಾಸಿಗೆ ಇಳಿಸಿ, ಉಳಿದ ವೇಳೆಯಲ್ಲಿ ಕೇಳೋಣ. ಓದಿದ ವಾಕ್ಯದಂತೆ ಈ ವಾರ ಯಾವದನ್ನು ಮಾಡುವಿರಿ? ಬದುವಿನ ಜಗಳವಾಡಿದ ನೆರೆಯವನೊಡನೆ ಮಾತಾಡಿದಿರೋ? ತೊಗರಿ ಕೊಯ್ದವಳಿಗೆ ಕೂಲಿ ಸಲ್ಲಿತೋ? ಮುಂದಿನ ವಾರ ಅದನ್ನೇ ಮರಳಿ ವಿಚಾರಿಸೋಣ. ಆದರೆ ಇದು ಚಾವಡಿಯ ವಿಚಾರಣೆಯಾಗಬಾರದು. ಸುಸನ್ನಮ್ಮನವರಂತೆ ಪ್ರೀತಿಯಿಂದ ಕೇಳಿ, ಆ ನಾವಿಕನಂತೆ ಭಾರ ಹೊತ್ತು, ಉತ್ತರಕ್ಕಾಗಿ ಸುಮ್ಮನೆ ಕಾದಿರಬೇಕು. ಕೂಟದಲ್ಲಿ ಕೇಳಿದ್ದನ್ನು ಬೀದಿಗೆ ಒಯ್ಯಬಾರದು. ಮೊದಲನೆಯ ಉತ್ತರವು ಉಪದೇಶಿಯದೇ ಆಗಿರಲಿ. ಅವನು ತಡವರಿಸಿದರೆ ನಾಚಿಕೆಪಡದಿರಲಿ, ವೆಸ್ಲಿಯವರೂ ತಡವರಿಸಿದರು. ನಮ್ಮೆಲ್ಲರ ಹೃದಯಗಳನ್ನು ಶೋಧಿಸುವ ಕರ್ತನು ಈ ಕೂಟಗಳನ್ನು ಆಶೀರ್ವದಿಸಲಿ.