ಹಲ್ಲು ಕೀಳಿಸಿ ನರಳಿದ ಸೂರ್ಯರಾಜ

ಕುಡಿದ ನೀರು ಮೂಗಿನಿಂದ ಹೊರಬರುತ್ತಿತ್ತು. ಯೂರೋಪಿನ ಬಲಿಷ್ಠ ದೊರೆ ಎನಿಸಿದ್ದ ಫ್ರಾನ್ಸಿನ 14ನೇ ಲೂಯಿಗೆ 1685ರಲ್ಲಿ ಒದಗಿದ ಸ್ಥಿತಿಯಿದು. ಅದಕ್ಕೆ ಕಾರಣವಾದದ್ದು ಹಲ್ಲು ಕೀಳಿಸಿಕೊಂಡದ್ದು.

ಲೂಯಿ ಜನಿಸಿದ್ದು 1638ರ ಸೆಪ್ಟೆಂಬರ್ 5ರಂದು. ಹುಟ್ಟುವಾಗಲೇ ಬಾಯಲ್ಲಿ ಎರಡು ಹಲ್ಲುಗಳಿದ್ದ ಈ ಕೂಸಿಗೆ ಹಾಲೂಡಿಸುವುದು ದಾದಿಯರಿಗೆ ಪ್ರಯಾಸದ ಕೆಲಸವಾಗಿತ್ತಂತೆ. 1643ರಲ್ಲಿ ತಂದೆ ತೀರಿಕೊಂಡಾಗ ನಾಲ್ಕರ ಹರೆಯದ ಬಾಲಕನೇ ಪಟ್ಟಕ್ಕೆ ಬಂದ. ಸೂರ್ಯನನ್ನು ತನ್ನ ಲಾಂಛನವಾಗಿಸಿಕೊಂಡು ಸೂರ್ಯರಾಜ ಎಂದೇ ಹೆಸರಾದ. 1682ರಲ್ಲಿ ಆಸ್ಥಾನವನ್ನು ವರ್ಸೇಲ್ಸ್ ಅರಮನೆಗೆ ಸ್ಥಳಾಂತರಿಸಿದ.

ಅಷ್ಟರಲ್ಲಿ ದೊರೆಯ ಹಲ್ಲುಗಳು ಹುಳುಕು ಹಿಡಿದಿದ್ದವು. ಮೇಲ್ದವಡೆಯ ಒಂದು ಪಾರ್ಶ್ವದ ಹಲ್ಲುಗಳನ್ನು ಕಿತ್ತಾಗ ಅವುಗಳ ಜೊತೆಗೆ ಮೂಳೆಯ ಚೂರೂ ಮುರಿದು ಬಂತು. ಅಲ್ಲಿ ಉಂಟಾದ ರಂಧ್ರದ ಮೂಲಕ ಕುಡಿದದ್ದೆಲ್ಲ ಮೂಗಿಗೆ ನುಗ್ಗತೊಡಗಿತು. ಕೀವು ತುಂಬಿ ದುರ್ವಾಸನೆ ಹರಡಿತು. ಕೊನೆಗೆ ವೈದ್ಯರು ಕಾದ ಕಬ್ಬಿಣದಿಂದ ಆ ಭಾಗವನ್ನು 14 ಬಾರಿ ಸುಟ್ಟರು. ಅರಿವಳಿಕೆ ಇಲ್ಲದ ಕಾಲವದು. ಈಥರ್‌ನ ಪ್ರಸಿದ್ಧ ಬಹಿರಂಗ ಪ್ರಯೋಗ ಬಾಸ್ಟನ್‌ನಲ್ಲಿ ನಡೆದದ್ದು 1846ರಲ್ಲಿ. ಯಾತನೆಯ ನಂತರ ರಂಧ್ರ ಮುಚ್ಚಿತು. ರಾಜವೈದ್ಯ ಆಂಟ್ವಾನ್ ದಾಕೆನ್ ಇದನ್ನೆಲ್ಲ ದೊರೆಯ ಆರೋಗ್ಯ ದಿನಚರಿಯಲ್ಲಿ ದಾಖಲಿಸಿದ್ದರಿಂದಲೇ ಈ ವಿವರ ನಮಗೆ ಲಭ್ಯವಾಗಿದೆ.

ಅದೇ 1685ರ ಅಕ್ಟೋಬರ್‌ನಲ್ಲಿ ಲೂಯಿ ಪ್ರಾಟೆಸ್ಟೆಂಟರ ಧಾರ್ಮಿಕ ಸ್ವಾತಂತ್ರ್ಯವನ್ನು ರದ್ದುಪಡಿಸಿದ. ಅಪಾರ ಸಂಖ್ಯೆಯ ಪ್ರಜೆಗಳು ದೇಶ ತೊರೆದರು. ಮರುವರ್ಷ ನವೆಂಬರ್‌ನಲ್ಲಿ ಭಗಂದರ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಶಸ್ತ್ರವೈದ್ಯ ಫೆಲಿಕ್ಸ್ ಅದಕ್ಕೂ ಮುನ್ನ ಬೇರೆ ರೋಗಿಗಳ ಮೇಲೆ ಆ ವಿಧಾನದ ಅಭ್ಯಾಸ ನಡೆಸಿದ್ದ. ದೊರೆಯ ಹಲ್ಲು ಕಿತ್ತವರಿಗೆ ಅಂಥ ಯಾವ ಸಿದ್ಧತೆಯೂ ಇದ್ದಂತೆ ಕಾಣದು.

ದೊರೆಗೆ ಒದಗಿದ ತೊಡಕು ಇಂದಿಗೂ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಮೇಲ್ದವಡೆಯ ಹಿಂಭಾಗದ ಹಲ್ಲುಗಳ ಬೇರಿಗೂ ಮೇಲ್ದವಡೆಯ ಮೂಳೆಯೊಳಗಿನ ಸೈನಸ್ ಕುಹರಕ್ಕೂ ನಡುವೆ ಇರುವುದು ತೆಳ್ಳನೆಯ ಮೂಳೆ ಮಾತ್ರ. ಮೇಲಿನ ಬುದ್ಧಿಹಲ್ಲು ಕೀಳುವಾಗಲೂ ಈ ಮೂಳೆ ತೂತಾಗಬಹುದು, ದವಡೆಯ ತುದಿ ಮುರಿಯಬಹುದು. ಸಣ್ಣ ರಂಧ್ರ ರಕ್ತ ಹೆಪ್ಪುಗಟ್ಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಒಸಡು ಅಥವಾ ಕೆನ್ನೆಯ ಒಳಪದರವನ್ನು ಎಳೆದು ಹೊಲಿಯುತ್ತಾರೆ. ರಂಧ್ರದ ಶಂಕೆಯಿದ್ದಲ್ಲಿ ಕೆಲದಿನ ಮೂಗು ಸೀನಬಾರದು, ಸ್ಟ್ರಾ ಹಾಕಿ ಹೀರಬಾರದು ಎಂದು ವೈದ್ಯರು ಸೂಚಿಸುವುದು ಇದಕ್ಕಾಗಿಯೇ. ಹಲ್ಲು ಕೀಳಿಸಿದ ಬಳಿಕ ನೀರು ಮೂಗಿಗೆ ಬಂದರೆ ತಡಮಾಡದೆ ದಂತವೈದ್ಯರನ್ನು ಕಾಣಬೇಕು. ಕೀವು ಕಟ್ಟಿದರೆ ಗುಣವಾಗುವುದು ಕಷ್ಟ.

1701ರಲ್ಲಿ ಹಯಸಿಂತ್ ರಿಗೋ ಬರೆದ ಪ್ರಸಿದ್ಧ ಚಿತ್ರದಲ್ಲಿ ರಾಜವೈಭವದ ನಡುವೆಯೂ ದೊರೆಯ ಒಳಸೇರಿದ ಬಾಯಿ ಎದ್ದು ಕಾಣುತ್ತದೆ. ಕಾಲಿನ ಗ್ಯಾಂಗ್ರೀನ್‌ನಿಂದ 1715ರ ಸೆಪ್ಟೆಂಬರ್ 1ರಂದು ಲೂಯಿ ಕೊನೆಯುಸಿರೆಳೆದ. 77 ತುಂಬಲು ನಾಲ್ಕೇ ದಿನ ಬಾಕಿಯಿತ್ತು. ಆತ ಆಳಿದ್ದು 72 ವರ್ಷ. ಅದರಲ್ಲಿ ಕೊನೆಯ 30 ವರ್ಷ ಅಗಿಯಲಾಗದ ಬಾಯಿಯೊಂದಿಗೆ ಕಳೆಯಿತು.