ತುಕ್ಕು ಹಿಡಿಯದ ಉಕ್ಕು ಕೊಟ್ಟ ಹ್ಯಾರಿ ಬ್ರಿಯರ್ಲಿ

ನಮ್ಮ ಬೀದರ ಜಿಲ್ಲೆಯವರಿಗೆ ಲೋಹ ಬೆರೆಸುವ ಮಾತು ಹೊಸದಲ್ಲ. ಬಿದರಿ ಹೂಜಿ ಮಾಡುವಾಗ ಸತುವಿಗೆ ಸ್ವಲ್ಪ ತಾಮ್ರ ಬೆರೆಸುತ್ತಾರೆ. ಸ್ವಲ್ಪ ಬೆರೆತರೂ ಗುಣ ಬದಲಾಗುತ್ತದೆ. ಉಕ್ಕಿನಲ್ಲಿ ಹೀಗೆ ಬೆರೆಸಿ ಹೆಸರಾದ ಹ್ಯಾರಿ ಬ್ರಿಯರ್ಲಿಯವರ ಜೀವನವನ್ನು ನಾನು ಇಲ್ಲಿ ಬರೆದಿದ್ದೇನೆ.

ಇವರು 1871ರ ಫೆಬ್ರವರಿ 18ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದರು. ಅದು ಚಾಕು, ಕತ್ತರಿಗೆ ಹೆಸರಾದ ಊರು. ತಂದೆ ಉಕ್ಕು ಕರಗಿಸುವ ಕೆಲಸಗಾರ. ಮನೆಯಲ್ಲಿ ಬಡತನ, ಮಕ್ಕಳೂ ಬಹಳ. ಹ್ಯಾರಿ 12ನೇ ವಯಸ್ಸಿಗೇ ಶಾಲೆ ಬಿಟ್ಟು ಕಾರ್ಖಾನೆಗೆ ಸೇರಿದರು. ಮುಂದೆ ಅಲ್ಲಿಯ ಪ್ರಯೋಗಶಾಲೆಯಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ಹಗಲೆಲ್ಲ ದುಡಿದು, ರಾತ್ರಿ ಓದಿ, ಉಕ್ಕಿನಲ್ಲಿ ಯಾವುದು ಎಷ್ಟಿದೆ ಅಂತ ಪರೀಕ್ಷಿಸುವ ವಿದ್ಯೆ ಕಲಿತರು. ಕೆಲವು ವರ್ಷ ಆಗ ರಷ್ಯಾಕ್ಕೆ ಸೇರಿದ್ದ ರೀಗಾ ಪಟ್ಟಣದಲ್ಲೂ ದುಡಿದರು. 1908ರಲ್ಲಿ ಶೆಫೀಲ್ಡ್‌ನ ಬ್ರೌನ್ ಫರ್ತ್ ಸಂಶೋಧನಾಲಯಕ್ಕೆ ಅವರೇ ಮುಖ್ಯಸ್ಥರಾದರು. ಬಾಟಲಿ ತೊಳೆದ ಹುಡುಗ ಎಲ್ಲಿಗೆ ಮುಟ್ಟಿದ ನೋಡ್ರಿ!

1912ರಲ್ಲಿ ಅವರ ಮುಂದೆ ಬಂದೂಕಿನ ಸಮಸ್ಯೆ ಬಂತು. ಗುಂಡು ಹಾರಿದಾಗಲೆಲ್ಲ ಸುಡುವ ಅನಿಲ ನಳಿಗೆಯ ಒಳಮೈಯನ್ನು ಸವೆಸುತ್ತಿತ್ತು. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣ ಮೆತ್ತಗಾಗುವುದನ್ನು, ಬಡಿದಾಗ ಮೇಲಿನ ಪೊರೆ ಉದುರುವುದನ್ನು ನಾವೆಲ್ಲ ಕಂಡಿದ್ದೇವೆ. ಬಿಸಿಯನ್ನು ತಡೆಯುವ ಉಕ್ಕು ಬೇಕಿತ್ತು. ಅದಕ್ಕೆ ಅವರು ಕ್ರೋಮಿಯಂ ಬೆರೆಸುತ್ತಾ ಹೋದರು. 1913ರ ಆಗಸ್ಟ್ 13ರಂದು ಎರಕ ಹೊಯ್ದ ಉಕ್ಕಿನಲ್ಲಿ ನೂರಕ್ಕೆ 12.8 ಭಾಗ ಕ್ರೋಮಿಯಂ, 0.24 ಭಾಗ ಇಂಗಾಲ ಇತ್ತು.

ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ಉಕ್ಕಿಗೆ ಆಮ್ಲ ಹಚ್ಚುವುದು ವಾಡಿಕೆ. ಈ ಉಕ್ಕನ್ನು ಆಮ್ಲ ಸುಲಭಕ್ಕೆ ತಿನ್ನಲೇ ಇಲ್ಲ! ವಿನೆಗರ್, ನಿಂಬೆರಸಕ್ಕೂ ಜಗ್ಗಲಿಲ್ಲ. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಕೂಡಿ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೂ ಪೊರೆ ತಾನೇ ಮತ್ತೆ ಕಟ್ಟುತ್ತದೆ.

ಇದರಿಂದ ಚಾಕು ಮಾಡಬಹುದು ಅಂತ ಬ್ರಿಯರ್ಲಿ ಹೇಳಿದರೆ ಕಂಪನಿಯವರು ಮನಸ್ಸು ಮಾಡಲಿಲ್ಲ. ಎರ್ನೆಸ್ಟ್ ಸ್ಟುವರ್ಟ್ ಎಂಬ ಚಾಕು ತಯಾರಕರು ಇದನ್ನು ಹದಕ್ಕೆ ತಂದರು. ಹಕ್ಕು ಯಾರದು ಎಂಬ ಜಗಳದಲ್ಲಿ ಬ್ರಿಯರ್ಲಿ ಆ ಕಂಪನಿ ಬಿಟ್ಟು ಬೇರೆ ಕಾರ್ಖಾನೆ ಸೇರಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ವಿಮಾನದ ಇಂಜಿನ್ನಿನಲ್ಲಿ ಸುಡುವ ಹೊಗೆ ಹೊರಬಿಡುವ ಕವಾಟಗಳಿಗೆ ಈ ಉಕ್ಕೇ ಬೇಕಾಯಿತು. ಬಿಸಿಗಾಗಿ ಹುಡುಕಿದ್ದು ಬಿಸಿಗೇ ಒದಗಿತು.

ಅವರೊಬ್ಬರೇ ಇದನ್ನು ಕಂಡುಹಿಡಿದರು ಅನ್ನುವುದು ಸರಿಯಲ್ಲ. ಜರ್ಮನಿ, ಅಮೆರಿಕಾದವರೂ ಅದೇ ಕಾಲಕ್ಕೆ ದುಡಿದಿದ್ದರು. ಅವರ ಜಾಗಕ್ಕೆ ಬಂದ ಹ್ಯಾಟ್‌ಫೀಲ್ಡ್ 1924ರಲ್ಲಿ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಸೇರಿದ ಉಕ್ಕನ್ನು ತಂದರು. ಕೆಲವು ಪಾತ್ರೆಗಳ ತಳದಲ್ಲಿ 18/8 ಅಂತ ಇರುವುದು ಇದಕ್ಕೇ.

ಒಂದೊಂದು ಧಾತುವಿಗೂ ಒಂದೊಂದು ಕಾಯಕವಿದೆ. ಕ್ರೋಮಿಯಂ ಬಿಸಿಯಲ್ಲಿ ಮೈ ಸುಡದಂತೆ ಕಾಯುತ್ತದೆ. ನಿಕ್ಕಲ್ ಅಣುಗಳ ಜೋಡಣೆಯನ್ನೇ ಬದಲಿಸಿ, ಬಿಸಿಯಲ್ಲೂ ಗಟ್ಟಿಯಾಗಿರುವಂತೆ ಮಾಡುತ್ತದೆ. ಮಾಲಿಬ್ಡಿನಂ ಅಣು ದಪ್ಪ. ಅಣುಗಳ ಸಾಲು ಜಾರದಂತೆ ಅಡ್ಡ ನಿಲ್ಲುತ್ತದೆ. ಟೈಟಾನಿಯಂ ಇಂಗಾಲವನ್ನು ಹಿಡಿದು ಸಣ್ಣ ಸಣ್ಣ ಕಣ ಮಾಡುತ್ತದೆ. ಅವೂ ಜಾರುವುದನ್ನು ತಡೆಯುತ್ತವೆ. ನಮ್ಮ ರಾಯಚೂರು ಶಕ್ತಿನಗರದಂಥ ವಿದ್ಯುತ್ ಕೇಂದ್ರದಲ್ಲಿ ಹಬೆ ಸುಮಾರು 540 ಡಿಗ್ರಿ ಕಾದಿರುತ್ತದೆ. ಸಾದಾ ಉಕ್ಕಿನ ಕೊಳವೆಯಾದರೆ ಆ ಬಿಸಿ ಮತ್ತು ಒತ್ತಡಕ್ಕೆ ವರ್ಷಗಟ್ಟಲೆ ಸಾವಕಾಶ ಹಿಗ್ಗಿ ಕೊನೆಗೆ ಒಡೆಯುತ್ತದೆ. ಅದಕ್ಕೇ ಅಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು ಬೇಕು.

ಬ್ರಿಯರ್ಲಿಯವರಿಗೆ 1920ರಲ್ಲಿ ಬೆಸ್ಸೆಮರ್ ಚಿನ್ನದ ಪದಕ ಬಂತು. 1941ರಲ್ಲಿ ತಮ್ಮ ಹಣದಿಂದ ಒಂದು ಧರ್ಮನಿಧಿ ಕಟ್ಟಿದರು. 1948ರ ಜುಲೈ 14ರಂದು ತೀರಿಕೊಂಡರು.

ಅಜ್ಜಿಯರ ಕಾಲದಲ್ಲಿ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬೇಕಾದರೆ ಕಲಾಯಿ ಹಾಕಿಸಬೇಕಿತ್ತು. ಈಗ ನಮ್ಮ ಬಿಸಿಯೂಟದ ಸ್ಟೀಲ್ ತಾಟಿಗೆ ಆ ಚಿಂತೆಯಿಲ್ಲ. ಅಂಬಿಗ, ಮಡಿವಾಳ, ಸಮಗಾರ ಶರಣರು ಬಸವಣ್ಣನವರ ಜೊತೆ ಸರಿಸಮ ಕುಳಿತ ಊರು ನಮ್ಮ ಕಲ್ಯಾಣ. ಬಾಟಲಿ ತೊಳೆದವರ ವಿದ್ಯೆಯನ್ನು ಗೌರವಿಸುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.